ಅಜ್ಜನ ಪುಸ್ತಕದಲ್ಲಿ ಎಣ್ಣೆ ಎಂದರೆ ಜ್ಞಾನ

ನಮ್ಮ ಅಜ್ಜ, ಎಂದರೆ ಅವ್ವನ ತಂದೆ, ಒಂದು ಇಂಗ್ಲಿಷ್ ಪುಸ್ತಕ ಬರೆದಿದ್ದರು ಎಂಬುದು ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಹೊಸ ಬೀಗರು ಮನೆಗೆ ಬಂದಾಗ ಯಾರಾದರೊಬ್ಬರು ಆ ಮಾತು ತೆಗೆಯದೆ ಬಿಡುತ್ತಿರಲಿಲ್ಲ. ಅದರೊಳಗೆ ಏನಿದೆ ಎಂದು ಕೇಳಿದರೆ ಮಾತ್ರ ಎಲ್ಲರದೂ ಒಂದೇ ಉತ್ತರ: "ಭಾಳ ದೊಡ್ಡ ವಿಚಾರ ಅದಾವ." ಅವರಲ್ಲಿ ಒಬ್ಬರೂ ಅದನ್ನು ಓದಿರಲಿಲ್ಲ. ಓದಬೇಕು ಎಂದು ಅನ್ನಿಸಿದ್ದು ಇಡೀ ಬಳಗದಲ್ಲಿ ಒಬ್ಬಳಿಗೆ, ನಮ್ಮ ಅವ್ವನಿಗೆ. ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ರಾಮದುರ್ಗದಲ್ಲಿ ಸಂಸ್ಥಾನ ಇನ್ನೂ ಇದ್ದ ಕಾಲ. ಅಜ್ಜ ಅಲ್ಲಿಯ ಸಾಲೆಯಲ್ಲಿ ಇಂಗ್ಲಿಷ್ ಮಾಸ್ತರರು. ನಮ್ಮ ಕಡೆ ಬಾಯಿಂದ ಬಾಯಿಗೆ ಬಂದ ನೀತಿಯ, ಭಕ್ತಿಯ ತ್ರಿಪದಿಗಳಿದ್ದವಲ್ಲ, ಯಾರು ಕಟ್ಟಿದರೋ ಯಾವಾಗ ಕಟ್ಟಿದರೋ ತಿಳಿಯದ ಮೂರು ಮೂರು ಸಾಲಿನ ಪದಗಳು, ಅವುಗಳನ್ನು ಕೂಡಿಸಿ ಇಂಗ್ಲಿಷಿಗೆ ಮಾಡಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಆ ಊರ ಅಚ್ಚುಕೂಟದಲ್ಲಿ ಮರಾಠಿ ಅಚ್ಚುಮೊಳೆಗಳಿದ್ದವಂತೆ, ಇಂಗ್ಲಿಷ್ ಮೊಳೆಗಳಿದ್ದವಂತೆ, ಕನ್ನಡದ ಮೊಳೆ ಮಾತ್ರ ಇರಲಿಲ್ಲ. ಹಾಗಾಗಿ ಪುಸ್ತಕದಲ್ಲಿ ಇಂಗ್ಲಿಷ್ ಮಾತ್ರ ಬಂತು. ಮನೆಯ ಹೆಂಗಸರೆಲ್ಲ ದಿನ ಬೆಳಗಾದರೆ ಹಾಡುತ್ತಿದ್ದ ಪದಗಳು ಪುಸ್ತಕವಾಗಿ ಮನೆಗೆ ಬಂದವು, ಆದರೆ ಆ ಹೆಂಗಸರಲ್ಲಿ ಯಾರಿಗೂ ಅದರ ಒಂದು ಅಕ್ಷರವನ್ನೂ ಓದಲು ಬರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ನಗು ಬರುವುದಿಲ್ಲ, ಮೈ ಉರಿಯುತ್ತದೆ.

ಅವ್ವನನ್ನು ನಾಲ್ಕನೇ ಇಯತ್ತೆಗೆ ಸಾಲೆ ಬಿಡಿಸಿ ಬೀಸುವ ಕಲ್ಲಿನ ಮುಂದೆ ಕೂರಿಸಿದರು. ಅವಳ ಅಣ್ಣತಮ್ಮಂದಿರು ಇಂಗ್ಲಿಷ್ ಕಲಿತು ಧಾರವಾಡಕ್ಕೆ ಹೋದರು. ಈಗ ಅವರಾರೂ ಇಲ್ಲ. ಅವ್ವ ಇದ್ದಾಳೆ, ತೊಂಬತ್ತರ ಹತ್ತಿರ, ಬೈಲಹೊಂಗಲದಲ್ಲಿ ನನ್ನ ಜೊತೆ. ಕನ್ನಡಕ ಹಾಕಿಕೊಂಡು ಪೇಪರನ್ನು ಮೊದಲ ಪುಟದಿಂದ ಜಾಹೀರಾತಿನವರೆಗೆ ಓದುತ್ತಾಳೆ. ನಾನು ಇದೇ ಊರ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ನಾನು ಕೆಲಸ ಬಿಟ್ಟ ದಿನದಿಂದ ಅವ್ವನದು ಒಂದೇ ಹಟ.

"ನಾ ಹೋಗೂದ್ರಾಗ ಅಪ್ಪ ಏನ ಬರದಾರಂತ ಒಮ್ಮೆ ಕೇಳಬೇಕವಾ. ನಿನಗ ಇಂಗ್ಲೀಷ್ ಬರತೈತಿ. ಓದಿ ಹೇಳು, ಮುಗೀತು."

ಮುಗಿಯುವಂಥದ್ದಾಗಿರಲಿಲ್ಲ ಅದು. ಉಳಿದಿದ್ದ ಒಂದೇ ಪ್ರತಿ ರಾಮದುರ್ಗದಲ್ಲಿ ನನ್ನ ಸೋದರಮಾವನ ಮಗನ ಮನೆಯಲ್ಲಿತ್ತು, ದೇವರ ಜಗುಲಿಯ ಮೇಲೆ. ಅವನು ನನಗಿಂತ ಸಣ್ಣವನು, ನಾನು ತಮ್ಮ ಎಂದೇ ಕರೆಯುವವನು, ಕಾಳುಕಡಿಯ ವ್ಯಾಪಾರಿ, ಮನುಷ್ಯ ಒಳ್ಳೆಯವನೇ. ಆದರೆ ಆ ಪುಸ್ತಕದ ಮಾತು ಬಂದರೆ ಸಾಕು, ಪೂಜಾರಿಯಾಗಿಬಿಡುತ್ತಿದ್ದ. ಮನೆಯ ಹೊರಗೆ ಒಯ್ಯುವಂತಿಲ್ಲ. ಮುಟ್ಟುವುದಾದರೆ ಸೋಮವಾರವೇ ಮುಟ್ಟಬೇಕು. ಸ್ನಾನವಾಗಿರಬೇಕು, ಬಾಯಿಗೆ ಏನೂ ಹಾಕಿಕೊಂಡಿರಬಾರದು. ಈ ನೇಮಗಳನ್ನು ಕೇಳಿಯೇ ನನಗೆ ಸಾಕಾಗಿ ಹೋಗುತ್ತಿತ್ತು. ಹೋಗೋಣ ಬಿಡು ಅವ್ವಾ, ಮುಂದಿನ ತಿಂಗಳು ಎನ್ನುತ್ತಿದ್ದೆ.

ಅಷ್ಟರಲ್ಲಿ ಕಿತ್ತೂರಿನಿಂದ ಫೋನು ಬಂತು. ಅಲ್ಲಿಯ ಕೆಲವರು ಸೇರಿ ಹಳೆಯ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿಸುವ ಮಂಡಳಿ ಮಾಡಿಕೊಂಡಿದ್ದರು. ಅದರ ಅಧ್ಯಕ್ಷರು ನಿವೃತ್ತ ಪ್ರಾಚಾರ್ಯರು. ಅವರಿಗೆ ಹೇಗೋ ಅಜ್ಜನ ಪುಸ್ತಕದ ಸುದ್ದಿ ಸಿಕ್ಕಿತ್ತು. ಎಡಪುಟದಲ್ಲಿ ಕನ್ನಡದ ಮೂಲ ಪದ, ಬಲಪುಟದಲ್ಲಿ ಅಜ್ಜನ ಇಂಗ್ಲಿಷ್, ಹೀಗೆ ಎದುರುಬದುರು ಹಾಕಿ ತರೋಣ, ನೀವು ಪ್ರತಿ ತಂದುಕೊಡಿ, ಅಚ್ಚಿನ ಕರಡು ನೋಡಿಕೊಡಿ ಎಂದರು. ಅವ್ವನ ಹಟವೂ ತೀರುತ್ತದೆ ಎಂದು ಒಪ್ಪಿಕೊಂಡೆ.

ಸೋಮವಾರ ಬೆಳಿಗ್ಗೆ ತಲೆಯ ಮೇಲೆ ನೀರು ಹಾಕಿಕೊಂಡು ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿದೆ. ಸವದತ್ತಿಯಲ್ಲಿ ಇಳಿದು ಇನ್ನೊಂದು ಹತ್ತಬೇಕು. ದೇವಿಯ ಗುಡ್ಡಕ್ಕೆ ಹೋಗಿಬಂದ ಮಂದಿ ಬಸ್‌ಸ್ಟ್ಯಾಂಡಿನ ತುಂಬ, ಹಣೆಯ ಭಂಡಾರದ ಅರಿಶಿನ ನನ್ನ ಸೀರೆಗೂ ಮೆತ್ತಿಕೊಂಡಿತು. ಪಕ್ಕದಲ್ಲಿ ಕೂತ ಹೆಂಗಸು ಬುತ್ತಿ ಬಿಚ್ಚಿ, "ಒಂದ ತುತ್ತ ತಿನ್ರೀ" ಎಂದು ರೊಟ್ಟಿ ಮುಂದೆ ಹಿಡಿದಳು. ಪುಸ್ತಕ ಓದಲು ಹೊರಟಿದ್ದೇನೆ, ತಿನ್ನುವಂತಿಲ್ಲ ಎಂದು ಹೇಗೆ ಹೇಳುವುದು? ಉಪವಾಸ ಎಂದೆ. ರಾಮದುರ್ಗ ಮುಟ್ಟುವ ಹೊತ್ತಿಗೆ ಕಣ್ಣು ಕತ್ತಲೆಗಟ್ಟುತ್ತಿತ್ತು. ತಮ್ಮ ಬಾಗಿಲಲ್ಲೇ ನಿಂತಿದ್ದ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅಕ್ಕಾರ, ಬಸ್ಸಿನ್ಯಾಗ ಬಂದೀರಿ. ಎರಡ ತಂಬಿಗಿ ನೀರ ಹಾಕ್ಕೊಂಡ ಬಂದ ಬಿಡ್ರಿ" ಎಂದ. ಹಲ್ಲು ಕಡಿದುಕೊಂಡು ಮತ್ತೆ ಸ್ನಾನ ಮಾಡಿದೆ.

ಪುಸ್ತಕ ಕೆಂಪು ವಸ್ತ್ರದಲ್ಲಿತ್ತು. ಅದರ ಮುಂದೆ ಹಿತ್ತಾಳೆಯ ನಂದಾದೀಪ, ಅಂಚಿನವರೆಗೆ ಎಣ್ಣೆ. ವಸ್ತ್ರ ಬಿಚ್ಚಿ ನೋಡುತ್ತೇನೆ, ಮೊದಲ ಪುಟದಲ್ಲಿ ಹೆಸರೇ ಇಲ್ಲ. ಶ್ರಾವಣ ಸೋಮವಾರ ಬಂತೆಂದರೆ ಅದೇ ಪುಟಕ್ಕೆ ವಿಭೂತಿ ಎಳೆದು ಕುಂಕುಮ ಹಚ್ಚುತ್ತ ಬಂದಿದ್ದರು, ಅವನ ಅಪ್ಪನ ಕಾಲದಿಂದ. ಪುಸ್ತಕದ ಹೆಸರೂ ಹೋಗಿತ್ತು, ಅಜ್ಜನ ಹೆಸರೂ ಅರ್ಧ ಹೋಗಿತ್ತು.

"ಒಂದ ದಿನಾನರ ತಗದ ಓದೀಯೇನೋ ತಮ್ಮಾ? ನೀ ಬಿ.ಕಾಂ. ಆಗೀ" ಎಂದೆ.

"ಓದಿ ಎಂಜಲಾ ಮಾಡಬಾರದ್ರಿ ಅಕ್ಕಾರ. ಅಜ್ಜಂದ ಅದು" ಎಂದ. ಆಮೇಲೆ ಅಭಿಮಾನದಿಂದ ದೀಪ ತೋರಿಸಿದ. "ಇದನ್ನ ಆರಾಕ ಬಿಡೂದಿಲ್ರಿ. ಗಾಣದ ಎಣ್ಣಿ ತರಸತೇನಿ."

ನಾನು ಮೊಬೈಲಿನಲ್ಲಿ ಪುಟಗಳ ಫೋಟೋ ತೆಗೆದುಕೊಂಡೆ. ಪ್ರತಿ ಪುಟ ತಿರುವಿದಾಗಲೂ ಅವನು ಕೈ ಮುಗಿಯುತ್ತಿದ್ದ. ಫೋಟೋದಲ್ಲಿ ಅವನ ಬೆರಳು ಬರುತ್ತಿತ್ತು, ಮತ್ತೆ ತೆಗೆಯುತ್ತಿದ್ದೆ.

ಫೋಟೋಗಳನ್ನು ಕಿತ್ತೂರಿಗೆ ಕಳಿಸಿದ ಮರುದಿನ ಬೈಲಹೊಂಗಲದ ಮನೆಯ ಪಡಸಾಲೆಯಲ್ಲಿ ಓದು ಸುರುವಾಯಿತು. ಅವ್ವ ಹೊಸ ಇಳಕಲ್ಲ ಸೀರೆ ಉಟ್ಟುಕೊಂಡು ಗೋಡೆಗೆ ಆತು ಕೂತಳು. ನನಗೂ ಉತ್ಸಾಹ ಇತ್ತು, ಸುಳ್ಳು ಯಾಕೆ ಹೇಳಲಿ. ಎರಡು ಪುಟ ದಾಟುವುದರೊಳಗೆ ಅದು ಇಳಿಯಿತು. ಅಜ್ಜನ ಇಂಗ್ಲಿಷ್ ಪಾದ್ರಿಗಳ ಸಾಲೆಯ ಇಂಗ್ಲಿಷ್. ಹಳೆಯ ಕಾಲದ ದೌ, ದೈ, ಹಾರ್ಕ್, ಅಲಾಸ್ ಇಲ್ಲದ ಸಾಲೇ ಇಲ್ಲ. ನಮ್ಮ ಶಿವ ಅಲ್ಲಿ ಸರ್ವಶಕ್ತ ಒಡೆಯನಾಗಿದ್ದ. ನುಚ್ಚು ಮಜ್ಜಿಗೆ ಅಮೃತವಾಗಿತ್ತು. ಎತ್ತು ಹೊಡೆಯುವ ಒಕ್ಕಲಿಗ ಕುರಿ ಕಾಯುವವನಾಗಿದ್ದ, ಆ ಕುರಿಗಳು ಎಲ್ಲಿಂದ ಬಂದವೋ ಶಿವನೇ ಬಲ್ಲ. ಮೂರು ಸಾಲಿನ ಪದವನ್ನು ಎಂಟು ಸಾಲಿಗೆ ಎಳೆದು, ಪ್ರತಿ ಸಾಲಿನ ಕೊನೆಗೆ ಪ್ರಾಸ ಕೂಡಿಸಲು ಹೆಣಗಿದ್ದರು. ಅದನ್ನು ನಾನು ಮತ್ತೆ ಕನ್ನಡಕ್ಕೆ ತಿರುಗಿಸಿ ಅವ್ವನಿಗೆ ಹೇಳಬೇಕು.

"ಹಣೆಗೆ ಬೂದಿ ಬಳಿದುಕೊಂಡು ನೆರೆಯವನ ಗಡಿಗುರುತನ್ನು ಕಿತ್ತೊಗೆಯುವವನೇ, ನಿನಗೆ ಕೇಡು" ಎಂದು ಒಂದನ್ನು ಹೇಳಿದೆ.

ಅವ್ವ ಹುಬ್ಬು ಗಂಟಿಕ್ಕಿದಳು. "ಬೂದಿ ಯಾಕ ಬಳಕೋತಾನ? ಒಲಿಯಾಗ ಬಿದ್ದಿದ್ದನೇನು?"

"ಅವ್ವಾ, ವಿಭೂತಿಗೆ ಅಜ್ಜ ಹಂಗ ಬರದಾರ."

"ಅಪ್ಪ ಹಂಗ್ಯಾಕ ಬರದಾರು? ಇದು ಇಬತ್ತಿ ಹಚ್ಚಿ ಬದು ಒತ್ತಾಂವನ ಪದ. ನಾ ಕೇಳಿಲ್ಲೇನು? ನಿನಗ ಓದಾಕ ಬರವಲ್ದು."

ಇದು ದಿನಾ ನಡೆಯಿತು. ಪದ ಯಾವುದು ಎಂದು ನನ್ನ ಮೊದಲ ಸಾಲಿಗೇ ಅವ್ವನಿಗೆ ಗೊತ್ತಾಗುತ್ತಿತ್ತು. ಮೂಲದ ಪದವನ್ನು ಪಟಪಟ ಹೇಳಿ, ನನ್ನದು ತಪ್ಪು ಎನ್ನುತ್ತಿದ್ದಳು. ಅಜ್ಜನ ಇಂಗ್ಲಿಷೇ ಹಾಗಿದೆ ಎಂದರೆ ಒಪ್ಪುತ್ತಿರಲಿಲ್ಲ. ಅಷ್ಟು ವರ್ಷ ಸರಕಾರದ ಪಗಾರ ತಿಂದು ಏನು ಕಲಿಸಿದಿ ನೀನು ಎಂದು ನನ್ನನ್ನೇ ಹಂಗಿಸುತ್ತಿದ್ದಳು. ನಾನು ಒಮ್ಮೆ ಫೋನನ್ನು ಹಾಸಿಗೆಯ ಮೇಲೆ ಒಗೆದು ಎದ್ದು ಹೋದೆ. ಚಹಾ ಮಾಡಿ ತಂದುಕೊಟ್ಟು ಮತ್ತೆ ಕೂತೆ. ಬೇರೆ ಏನು ಮಾಡಲಿ? ಆಕೆಯ ಬಾಯಿಂದ ಬಂದ ಮೂಲ ಪದಗಳೇ ಕಿತ್ತೂರಿನವರಿಗೆ ಎಡಪುಟಕ್ಕೆ ಬೇಕಾಗಿದ್ದವು. ನಾನು ಬರೆದುಕೊಂಡು ಕಳಿಸುತ್ತಿದ್ದೆ. ಅಧ್ಯಕ್ಷರು ಅವುಗಳನ್ನು ಅಚ್ಚಾದ ಸಂಗ್ರಹಗಳ ಜೊತೆ ತಾಳೆ ನೋಡಿ, ಸರಿ ಎಂದು ತಿಳಿಸುತ್ತಿದ್ದರು.

ಪುಸ್ತಕದ ಕೊನೆಯ ಭಾಗಕ್ಕೆ ಬಂದಿದ್ದೆವು. ಒಂದು ಪದಕ್ಕೆ ಅಜ್ಜ ಕೆಳಗೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿ ಕೊಟ್ಟಿದ್ದರು. ಇಡೀ ಪುಸ್ತಕದಲ್ಲಿ ಟಿಪ್ಪಣಿ ಇದ್ದ ಪದ ಅದೊಂದೇ. ನಾನು ಓದಿ ಹೇಳಿದೆ: "ದೇವಾಲಯದ ಜ್ಯೋತಿಗೆ ಜನರು ಕುಂಭಗಟ್ಟಲೆ ತೈಲ ಎರೆಯುವರು. ಬೆಳಕನ್ನು ಅರಸುವ ಯಾತ್ರಿಕನಿಗೆ ಒಂದು ಹನಿಯೂ ಇಲ್ಲ. ಓ ಸರ್ವಶಕ್ತನೇ, ಮಾನವ ಹೃದಯದ ಒಳಕೋಣೆ ನಿನಗೆ ಕಾಣದೇ?"

ಅವ್ವ ಎಂದಿನಂತೆ ಜಗಳಕ್ಕೆ ಬರಲಿಲ್ಲ. ಅವಳಿಗೆ ಈ ಪದ ಗೊತ್ತಿಲ್ಲ ಎಂದುಕೊಂಡೆ.

"ಇನ್ನೊಮ್ಮೆ ಹೇಳು" ಎಂದಳು. ಹೇಳಿದೆ.

"ಯಾತ್ರಿಕ ಅಂದ್ರ ಯಾರು?"

"ಯಾತ್ರಾಕ್ಕ ಹೋಗಾಂವ. ಗಂಡಸು."

"ಗಂಡಸೇನು?" ಎಂದಳು ಅವ್ವ. ಅವಳ ದನಿ ಗಟ್ಟಿಯಾಗಿತ್ತು. "ಅಲ್ಲಿ ಹುಡುಗಿ ಐತಿ. ಓದೂ ಹುಡುಗಿ. ಅದು ಒಳಕೋಣಿ ಅಲ್ಲ, ನಮ್ಮ ಮನಿ ನಡುಮನಿ. ಅದು ನಾ ಕಟ್ಟಿದ ಪದ."

ಇಲ್ಲಿ ಒಂದು ಮಾತು ಹೇಳಬೇಕು. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸಿಗೆ ನಮ್ಮ ಕಡೆ ಒಂದು ಸಲಿಗೆ ಇತ್ತು. ಹಿರಿಯರ ಎದುರು ಬಾಯಿ ಬಿಟ್ಟು ಆಡಲಾಗದ ಮಾತನ್ನು ಕಲ್ಲು ತಿರುವುತ್ತ ಪದ ಮಾಡಿ ಹಾಡಬಹುದಿತ್ತು. ಅತ್ತೆ ಕೇಳಿದರೂ, ಮಾವ ಕೇಳಿದರೂ ಅದು ಪದ, ದೇವರಿಗೆ ಹಾಡಿದ್ದು, ಅದಕ್ಕೆ ಯಾರೂ ಬೈಯುವಂತಿರಲಿಲ್ಲ. ನಾಲ್ಕು ಪದ ಹಳೆಯವು ಹಾಡಿ ನಡುವೆ ತಮ್ಮದೊಂದನ್ನು ಸೇರಿಸುತ್ತಿದ್ದರು. ಕೇಳಬೇಕಾದವರು ಕೇಳಿ ತಿಳಿದುಕೊಳ್ಳಬೇಕು.

ಅಜ್ಜ ಪದಗಳನ್ನು ಕೂಡಿಸಿದ್ದು ಹೀಗೆಯೇ ಅಂತೆ. ನಸುಕಿನಲ್ಲಿ ಪಡಸಾಲೆಯಲ್ಲಿ ಕಾಗದ ಹಿಡಿದು ಕೂರುವರು. ಒಳಗೆ ನಡುಮನೆಯಲ್ಲಿ ಅಜ್ಜಿ, ದೊಡ್ಡವ್ವ, ಅವ್ವ ಬೀಸುತ್ತ ಹಾಡುವರು, ಇವರು ಹೊರಗೆ ಬರೆದುಕೊಳ್ಳುವರು. ಸಾಲೆ ಬಿಡಿಸಿದ ಹೊಸತು. ಅವ್ವ ಅಣ್ಣನ ಹಳೆಯ ಪುಸ್ತಕ ಕದ್ದು ಓದಬೇಕೆಂದರೆ ನಡುಮನೆ ಹಗಲಿನಲ್ಲೂ ಕತ್ತಲು. ಚಿಮಣಿ ದೀಪಕ್ಕೆ ಎಣ್ಣೆ ಕೇಳಿದರೆ, ಹುಡುಗಿಗೆ ಯಾಕೆ ಎಣ್ಣೆ ಎಂದರು. ಅದೇ ಮನೆಯಿಂದ ಗುಡಿಯ ದೀಪಕ್ಕೆ ಗಡಿಗೆ ತುಂಬ ಹೋಗುತ್ತಿತ್ತು. ಅಪ್ಪ ಹೊರಗೆ ಕೂತಿದ್ದಾರೆ, ಕೇಳುತ್ತಾರೆ ಎಂದು ಗೊತ್ತಿದ್ದೇ ಅವ್ವ ಆ ಪದ ಕಟ್ಟಿ ಹಾಡಿದ್ದಳು. ಒಮ್ಮೆ ಅಲ್ಲ, ದಿನಾ ಹಾಡಿದ್ದಳು. ಅಪ್ಪ ಬಂದು ಒಂದು ಮಾತು ಕೇಳುತ್ತಾರೆ ಎಂದು ಕಾದಿದ್ದಳು. ಅಪ್ಪ ಏನೂ ಕೇಳಲಿಲ್ಲ. ಅಪ್ಪನಿಗೆ ಕೇಳಿಸಲೇ ಇಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದಳು.

"ಕೇಳಿಸೇತಿ ನೋಡು" ಎಂದಳು. "ಕೇಳಿಸಿ ಬರಕೊಂಡಾರ."

ನನಗೆ ಸಿಟ್ಟು ಉಕ್ಕಿತು. ಅಜ್ಜನ ಫೋಟೋ ಗೋಡೆಯ ಮೇಲಿತ್ತು, ರುಮಾಲು, ಕೋಟು, ಕೈಯಲ್ಲಿ ಪುಸ್ತಕ. ಅದನ್ನು ನೋಡಲೂ ಮನಸ್ಸಾಗಲಿಲ್ಲ. ಮಗಳ ದೂರನ್ನು ಯಾವುದೋ ಹಳೆಯ ಶರಣರ ವಾಕ್ಯ ಎಂದು ಭಾವಿಸಿ, ತೂಗಿ ಅಳೆದು, ಸಾಹೇಬರು ಓದಲಿ ಎಂದು ಇಂಗ್ಲಿಷಿಗೆ ಮಾಡಿದ್ದರು. ಹಾಗೆ ಮಾಡುವಾಗ ಮಗಳನ್ನು ಮಾತ್ರ ಬಿಟ್ಟಿದ್ದರು.

"ಕೆಳಗ ಸಣ್ಣಾಗಿ ಏನೋ ಐತಿ ಅಂದೆಲ್ಲ. ಅದೇನು?" ಎಂದಳು ಅವ್ವ.

ಹೇಳಲೋ ಬೇಡವೋ ಎಂದು ಅನುಮಾನಿಸಿದೆ. ಹೇಳದೆ ಬಿಡುವವಳಲ್ಲ ಆಕೆ. "ಇಲ್ಲಿ ತೈಲ ಎಂದರೆ ಜ್ಞಾನ ಎಂದು ತಿಳಿಯಬೇಕು ಅಂತ ಬರದಾರ."

"ಜ್ಞಾನೇನು!" ಅವ್ವ ತೊಡೆ ಬಡಿದುಕೊಂಡಳು. "ಎಣ್ಣಿ ಅಂದ್ರ ಎಣ್ಣೀನವಾ. ಚಿಮಣಿ ಎಣ್ಣಿ. ಜ್ಞಾನ ಯಾರ ಬೇಡಿದ್ರು ಅವರನ್ನ? ಒಂದ ಬುಡ್ಡಿ ಎಣ್ಣಿ ಬೇಡಿದ್ನಿ."

ಅಜ್ಜನಿಗೆ ಅದು ಅವ್ವನ ಪದ ಎಂದು ಗೊತ್ತಿರಲಿಕ್ಕಿಲ್ಲ, ದೊಡ್ಡವ್ವನೋ ಅಜ್ಜಿಯೋ ಹಾಡಿದ ಹಳೆಯದು ಎಂದುಕೊಂಡಿರಬೇಕು ಎಂದೆ. ಸಮಾಧಾನಕ್ಕೆ ಹೇಳಿದ್ದು.

"ಮಗಳ ದನಿ ಗುರತ ಸಿಗೂದಿಲ್ಲೇನು ಯಾರಿಗರ?" ಎಂದಳು. ಆಮೇಲೆ ಹೇಳಿದಳು: "ನನ್ನ ಪದ ಅಂತ ಅದರಾಗ ಬರಸು. ಹುಡುಗಿ ಅಂತ ತಿದ್ದಸು. ನನಗ ಬ್ಯಾರೇ ಏನೂ ಬ್ಯಾಡ."

ಅಲ್ಲಿಂದ ನನ್ನ ಪಾಡು ಸುರುವಾಯಿತು. ಕಿತ್ತೂರಿನ ಅಧ್ಯಕ್ಷರಿಗೆ ಫೋನು ಮಾಡಿದೆ. ನಾನು ಮಾತು ತೆಗೆಯುವ ಮೊದಲೇ ಅವರು ಆ ಪದವನ್ನೇ ಎತ್ತಿದರು. ಇಡೀ ಪುಸ್ತಕದಲ್ಲಿ ಇದರಷ್ಟು ಎತ್ತರದ್ದು ಇನ್ನೊಂದಿಲ್ಲ, ಹಿಂಬದಿಯ ರಕ್ಷಾಪುಟಕ್ಕೆ ಇದನ್ನೇ ಹಾಕುವವರಿದ್ದೇವೆ, ಆದರೆ ಇದರ ಕನ್ನಡ ಮೂಲ ಮಾತ್ರ ಯಾವ ಸಂಗ್ರಹದಲ್ಲೂ ಸಿಗುತ್ತಿಲ್ಲ, ಯಾವುದೋ ಅನಾಮಿಕ ಶರಣರದು, ನಿಮ್ಮ ತಾಯಿಯವರಿಗೆ ನೆನಪಿದ್ದರೆ ಬರೆದು ಕಳಿಸಿ ಎಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ.

"ಮೇಡಂ, ಇದಕ್ಕ ಆಧಾರ ಏನೈತ್ರಿ?" ಎಂದರು.

"ಕಟ್ಟಿದಾಕಿ ಜೀವಂತ ಅದಾಳ್ರಿ. ನನ್ನ ಮುಂದ ಕುಂತ ಸಜ್ಜಿ ರೊಟ್ಟಿ ತಿನ್ನಾಕ ಹತ್ತ್ಯಾಳ" ಎಂದೆ. ಅದು ಆಧಾರವಾಗುವುದಿಲ್ಲವಂತೆ.

ಅವರು ತಾವೇ ಬಂದು ಕೇಳುತ್ತೇನೆ ಎಂದರು. ಬೆಳಿಗ್ಗೆ ಬರುವವರು ಬಂದದ್ದು ಮಧ್ಯಾಹ್ನ ಇಳಿದ ಮೇಲೆ. ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ರಸ್ತೆ ಹಿಡಿದಿತ್ತಂತೆ. ನಾನು ಮಾಡಿಟ್ಟ ಅವಲಕ್ಕಿ ತಣ್ಣಗಾಗಿ, ಮತ್ತೆ ಮಾಡಿದೆ. ಒಳ್ಳೆಯವರೇ, ಶಾಲು ಹೊದ್ದುಕೊಂಡಿದ್ದರು. ಅವ್ವನ ಕಾಲಿಗೆ ನಮಸ್ಕಾರ ಮಾಡಿ, ಫೋನನ್ನು ರೆಕಾರ್ಡಿಗೆ ಹಾಕಿ ಅವಳ ಮುಂದಿಟ್ಟರು.

"ಅವ್ವಾರ, ಆ ಪದದ ಮೂಲ ಒಂದ ಸಲ ಅಂದ ಬಿಡ್ರಿ. ಪುಸ್ತಕ ಪೂರ್ಣ ಆಗತೈತಿ."

"ಹೇಳತೇನ್ರಿ ಸರ. ಯಾರ ಪದ ಅಂತ ಹಾಕ್ತೀರಿ?"

ಅವರು ಕೆಮ್ಮಿದರು. "ಅನಾಮಿಕ ಅಂತ ಹಾಕ್ತೇವ್ರಿ. ಎಲ್ಲಾ ಪದಕ್ಕೂ ಹಂಗ ಐತಿ."

"ಉಳದವು ಯಾರವಂತ ಯಾರಿಗೂ ಗೊತ್ತಿಲ್ಲ, ಖರೇ. ಇದು ನಂದು. ನಾ ಇಲ್ಲೇ ಕುಂತೇನಿ. ನನಗ ಹೆಸರ ಐತಿ."

ಅವರು ಬಹಳ ಸೌಮ್ಯವಾಗಿ ತಿಳಿಸಿ ಹೇಳಿದರು. ಶರಣರ ಪದಗಳ ಸಾಲಿನಲ್ಲಿ ಮನೆಯವರ ಪದ ಇದೆ ಎಂದರೆ ಪುಸ್ತಕದ ಬೆಲೆಯೇ ಇಳಿಯುತ್ತದೆ, ಓದುವವರು ಉಳಿದವುಗಳ ಮೇಲೂ ಅನುಮಾನ ಪಡುತ್ತಾರೆ. ನಿಮ್ಮ ತಂದೆಯವರ ಹೆಸರಿಗೇ ಕುಂದು. ಇನ್ನು ಇಂಗ್ಲಿಷಿನಲ್ಲಿ ಒಂದು ಶಬ್ದ ತಿದ್ದುವುದಂತೂ ಆಗದ ಮಾತು, ಹಳೆಯ ಅಚ್ಚಿನ ಪಾಠಕ್ಕೆ ಕೈ ಹಚ್ಚಬಾರದು. ಟಿಪ್ಪಣಿಯನ್ನಂತೂ ಅವರು ಬಾಯಿ ತುಂಬ ಹೊಗಳಿದರು. ಎಣ್ಣೆಯಲ್ಲಿ ಜ್ಞಾನವನ್ನು ಕಂಡ ದೃಷ್ಟಿ ಎಂಥದ್ದು ಎಂದು ಅವ್ವನಿಗೇ ವಿವರಿಸಿದರು! ನಾನು ಅವಲಕ್ಕಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅಲ್ಲೇ ನಿಂತಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಹೊರಗೆ ಬಂದಾಗ ಅವ್ವ ಫೋನನ್ನು ಅವರ ಕಡೆ ಸರಿಸಿದ್ದಳು. "ಹಂಗಾರ ಬ್ಯಾಡ್ರಿ. ಪದ ನನ್ನ ಹಂತ್ಯಾಕ ಇರಲಿ."

ಅವರು ಹೋದ ಮೇಲೆ ನಾನು ಅವ್ವನ ಮೇಲೆಯೇ ರೇಗಿದೆ. ಕೊಟ್ಟುಬಿಡಬಹುದಿತ್ತಲ್ಲ ಅವ್ವಾ, ಅನಾಮಿಕ ಅಂತಾದರೂ ಹುಡುಗಿ ಎಂಬ ಶಬ್ದ ಎಡಪುಟದಲ್ಲಿ ಬರುತ್ತಿತ್ತು ಎಂದೆ. ಅವ್ವ ನನ್ನನ್ನು ನೇರ ನೋಡಿದಳು. "ಒಮ್ಮೆ ಹೆಸರಿಲ್ಲದ ಕೊಟ್ಟೇನಿ" ಎಂದಳು.

ನಾನು ಮಂಡಳಿಯವರಿಗೆ ಎರಡು ಸಲ ಬರೆದೆ, ಫೋನು ಮಾಡಿದೆ, ಕರಡು ನೋಡುವುದಿಲ್ಲ ಎಂದು ಹೆದರಿಸಿದೆ. ರಾಮದುರ್ಗದ ತಮ್ಮನಿಗಾದರೂ ಹೇಳೋಣ, ಮೊಮ್ಮಗ ಎಂದು ಅವನ ಮಾತಿಗೆ ತೂಕ ಇರುತ್ತದೆ ಎಂದು ಅವನನ್ನೂ ಕೇಳಿದೆ. "ಅತ್ತಿಯವರು ಹೇಳಿದ್ದ ಖರೇ ಇರಬಹುದ್ರಿ ಅಕ್ಕಾರ. ಆದ್ರ ಅಜ್ಜ ಬರದ ಮ್ಯಾಲ ಅದು ದೇವರದಾತು" ಎಂದ. ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ನಾನು ನೋಡುವುದಿಲ್ಲ ಎಂದ ಕರಡನ್ನು ಬೇರೆ ಯಾರೋ ನೋಡಿಕೊಟ್ಟರು.

ಕಿತ್ತೂರಿನಲ್ಲಿ ಬಿಡುಗಡೆಯ ಕಾರ್ಯಕ್ರಮ ಆಯಿತು. ನಾವು ಹೋಗಲಿಲ್ಲ. ಅಜ್ಜನ ಫೋಟೋಕ್ಕೆ ಮಾಲೆ ಹಾಕಿ, ಒಬ್ಬರ ಹಿಂದೆ ಒಬ್ಬರು ಮಾತಾಡಿದರಂತೆ. ಹೆಣ್ಣುಮಕ್ಕಳ ವಿದ್ಯೆಯ ಬಗ್ಗೆ ಅಜ್ಜನಿಗೆ ಎಷ್ಟು ಕಳಕಳಿ ಇತ್ತು ಎಂದೂ ಒಬ್ಬರು ಹೇಳಿದರು ಎಂದು ನೇಸರಗಿಯ ನನ್ನ ಹಳೆಯ ವಿದ್ಯಾರ್ಥಿನಿ ಫೋನಿನಲ್ಲಿ ತಿಳಿಸಿದಳು. ನಾನು ಫೋನು ಇಟ್ಟೆ.

ವಾರದ ಮೇಲೆ ಅಂಚೆಯಲ್ಲಿ ಪುಸ್ತಕ ಬಂತು. ಗಟ್ಟಿ ರಟ್ಟು, ನುಣ್ಣನೆಯ ಕಾಗದ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಪುಟಕ್ಕೊಂದು ಪದ. ಅವ್ವ ಕನ್ನಡಕ ಒರೆಸಿಕೊಂಡು ಒಂದೊಂದೇ ಪುಟ ತಿರುವಿದಳು. ಎಡಪುಟದ ಪದಗಳನ್ನು ತುಟಿ ಅಲ್ಲಾಡಿಸುತ್ತ ಓದಿದಳು. ಕೊನೆಯ ಕಡೆಗೆ ಬಂದಾಗ ಒಂದು ಎಡಪುಟ ಖಾಲಿ ಇತ್ತು. ಬಲಕ್ಕೆ ಯಾತ್ರಿಕ, ಕೆಳಗೆ ಜ್ಞಾನದ ಟಿಪ್ಪಣಿ. ಎಡಕ್ಕೆ ಬಿಳಿ ಕಾಗದ ಬಿಟ್ಟರೆ ಏನೂ ಇಲ್ಲ. ಮೂಲ ದೊರೆತಿಲ್ಲ ಎಂದು ಬರೆಯುವ ಸೌಜನ್ಯವನ್ನೂ ತೋರಿಸಿರಲಿಲ್ಲ.

"ಪೆನ್ ಕೊಡು" ಎಂದಳು ಅವ್ವ.

ಕೊಟ್ಟೆ. ಮೊದಲು ಬಲಪುಟವನ್ನೇ ಹಿಡಿದಳು. ಯಾತ್ರಿಕ ಎಲ್ಲಿದ್ದಾನೆ ತೋರಿಸು ಎಂದಳು. ತೋರಿಸಿದೆ. ಅವನ ಮೇಲೆ ಒಂದು ಗೆರೆ ಎಳೆದಳು. ಹುಡುಗಿ ಅಂತ ಇಂಗ್ಲೀಷಿನ್ಯಾಗ ಬರದ ತೋರಸು ಎಂದಳು. ಬೇರೆ ಕಾಗದದ ಮೇಲೆ ದೊಡ್ಡದಾಗಿ ಬರೆದು ತೋರಿಸಿದೆ. "ಇಷ್ಟೇನು?" ಎಂದಳು, ನಾನು ಕಡಿಮೆ ಬರೆದು ಮೋಸ ಮಾಡುತ್ತಿದ್ದೇನೆ ಎಂಬಂತೆ. ಇಷ್ಟೇ ಎಂದೆ. ಗೆರೆಯ ಮೇಲೆ ಆ ಅಕ್ಷರಗಳನ್ನು ಚಿತ್ರ ಬಿಡಿಸಿದ ಹಾಗೆ ಒಂದೊಂದಾಗಿ ಬರೆದಳು. ನಾನು ಕೈ ಹಿಡಿಯಲು ಹೋದರೆ ಸರಿಸಿದಳು. ಟಿಪ್ಪಣಿಯನ್ನು ಪೂರ್ತಿ ಹೊಡೆದು ಹಾಕಿದಳು.

ಆಮೇಲೆ ಖಾಲಿ ಎಡಪುಟದ ಮೇಲೆ, ನಾಲ್ಕನೇ ಇಯತ್ತೆಯಲ್ಲಿ ಕಲಿತ ದುಂಡನೆಯ ಅಕ್ಷರದಲ್ಲಿ ಬರೆದಳು:

ಗುಡಿಯಾನ ದೀಪಕ್ಕ ಗಡಿಗಿ ತುಂಬಾ ಎಣ್ಣಿ
ಹುಡುಗಿ ಓದಾಕ ಹನಿಯಿಲ್ಲ, ಶಿವರಾಯ
ನಡುಮನಿ ನಿನಗ ಕಾಣೂದಿಲ್ಲ

ಕೆಳಗೆ ಹೆಸರು ಬರೆದಳು. ನಮ್ಮ ಕಡೆ ಹುಡುಗಿಯ ಹೆಸರಿನ ಮುಂದೆ ಅಪ್ಪನ ಹೆಸರು ಇರುತ್ತದೆ, ಮದುವೆಯಾದ ಮೇಲೆ ಗಂಡನದು ಬರುತ್ತದೆ. ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ ಅವ್ವನ ಹೆಸರಿನ ಮುಂದೆ ನಮ್ಮಪ್ಪನ ಹೆಸರಿದೆ. ಇಲ್ಲಿ ಆಕೆ ತನ್ನ ಅಪ್ಪನ ಹೆಸರು ಹಚ್ಚಿ ಬರೆದಳು, ಸಾಲೆಯ ಹಾಜರಿಯಲ್ಲಿ ಕರೆಯುತ್ತಿದ್ದ ಹಾಗೆ. ಅಷ್ಟು ದಿನದಿಂದ ಅಜ್ಜನ ಮೇಲೆ ಹಲ್ಲು ಕಡಿಯುತ್ತಿದ್ದ ನನಗೆ ಕಣ್ಣಲ್ಲಿ ನೀರು ಬಂತು. ಅವ್ವನಿಗೆ ಬರಲಿಲ್ಲ.

ಮಸಿ ಆರಲಿ ಎಂದು ಬಾಯಿಂದ ಊದಿ, ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು.

"ಇದನ್ನ ರಾಮದುರ್ಗಕ್ಕ ಒಯ್ದ ಕೊಡು. ಆ ಹಳೇದನ್ನ ತಗದು ಇದನ್ನ ಇಡಲಿ ಜಗಲಿ ಮ್ಯಾಲ."

"ಅವ ಒಪ್ಪತಾನೇನವಾ?"

"ಅಪ್ಪಂದ ಪುಸ್ತಕ ಐತಿ, ಒಪ್ಪಲಾರದ ಏನ ಮಾಡ್ಯಾನು? ದೀಪದ ಮುಂದನ ಇಡಸು, ಈ ಪುಟಾ ತಗದು" ಎಂದಳು ಅವ್ವ. "ಎಣ್ಣಿ ಹೆಂಗೂ ದಿನಾ ಹಾಕತಾನಲ್ಲ."